ಮಗುವಿನ ಕಾಲಿನ ಟ್ಯಾಗ್, ಬಾಗಿಲಿನ ಅಲಾರಂ: ಆಸ್ಪತ್ರೆ ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲ ಕಡೆಯ ಆಸ್ಪತ್ರೆಗಳ ಹೆರಿಗೆ ವಾರ್ಡ್ ಮತ್ತು ಮಕ್ಕಳ ವಾರ್ಡ್ ಸಿಬ್ಬಂದಿಗೆ ಶಿಶು ಸುರಕ್ಷತಾ ವ್ಯವಸ್ಥೆಯ ತರಬೇತಿ ಕೊಡುವಾಗ ಬರುವ ಪ್ರಶ್ನೆಗಳಿವು. ನರ್ಸಿಂಗ್ ಸೂಪರಿಂಟೆಂಡೆಂಟ್ ಕೇಳಿದ್ದೂ ಇದೆ, ಆಯಾ ಕೇಳಿದ್ದೂ ಇದೆ, ರಾತ್ರಿ ಪಾಳಿಯ ಸೆಕ್ಯುರಿಟಿಯವರು ಕೇಳಿದ್ದೂ ಇದೆ. ಸ್ಕ್ರೀನ್, ಬಟನ್, ಟ್ಯಾಗಿನ ಆಕಾರ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೆ ನಿಮ್ಮ ಯಂತ್ರದ ಕೈಪಿಡಿ ನೋಡಿ. ಯಂತ್ರ ಯಾವುದಾದರೂ ಬದಲಾಗದ ವಿಷಯಗಳು ಇಲ್ಲಿವೆ.

ಈ ವ್ಯವಸ್ಥೆ ಕೆಲಸ ಮಾಡುವುದು ಹೇಗೆ?

ಮಗುವಿನ ಕಣಕಾಲಿಗೆ ಒಂದು ಸಣ್ಣ ಟ್ಯಾಗ್ ಕಟ್ಟುತ್ತೇವೆ. ಅದರೊಳಗೆ ಬ್ಯಾಟರಿ ಮತ್ತು ಪುಟ್ಟ ರೇಡಿಯೋ ಇದೆ. ತಾನು ಇನ್ನೂ ವಾರ್ಡಿನಲ್ಲೇ ಇದ್ದೇನೆ ಅಂತ ಅದು ಆಗಾಗ ಸಂಕೇತ ಕಳಿಸುತ್ತಾ ಇರುತ್ತದೆ. ಛಾವಣಿಯಲ್ಲಿರುವ ರಿಸೀವರ್‌ಗಳು ಅದನ್ನು ಹಿಡಿದು ನರ್ಸಿಂಗ್ ಸ್ಟೇಷನ್ನಿನ ಸ್ಕ್ರೀನಿಗೆ ಮುಟ್ಟಿಸುತ್ತವೆ. ಬಾಗಿಲು, ಲಿಫ್ಟ್, ಮೆಟ್ಟಿಲುಗಳ ಹತ್ತಿರ ಇನ್ನೊಂದು ಸಾಧನ ಕೂತಿರುತ್ತದೆ. ಟ್ಯಾಗ್ ಕಟ್ಟಿದ ಮಗು ಅದರ ಹತ್ತಿರ ಬಂದರೆ ಬಾಗಿಲಿನ ಮ್ಯಾಗ್ನೆಟ್ ಲಾಕ್ ಬೀಳುತ್ತದೆ, ಲಿಫ್ಟ್ ನಿಲ್ಲುತ್ತದೆ, ಅಲಾರಂ ಕೂಗುತ್ತದೆ. ಟ್ಯಾಗಿನ ಪಟ್ಟಿ ಕತ್ತರಿಸಿದರೂ ಅಲಾರಂ, ಸಡಿಲಾಗಿ ಮೈಯಿಂದ ದೂರವಾದರೂ ಅಲಾರಂ, ಸ್ವಲ್ಪ ಹೊತ್ತು ಸಂಕೇತ ಬರದಿದ್ದರೂ ಅಲಾರಂ. ಕೆಲವು ವ್ಯವಸ್ಥೆಗಳಲ್ಲಿ ತಾಯಿಗೂ ಒಂದು ಟ್ಯಾಗ್ ಇರುತ್ತದೆ. ತಪ್ಪು ಮಗುವನ್ನು ತಾಯಿಯ ಹತ್ತಿರ ತಂದರೆ ಅದು ಎಚ್ಚರಿಸುತ್ತದೆ.

ಸಿಸಿ ಕ್ಯಾಮೆರಾ ಇದೆಯಲ್ಲ, ಅದು ಸಾಲಲ್ವಾ?

ಕ್ಯಾಮೆರಾ ಆಗಿ ಹೋದದ್ದನ್ನು ತೋರಿಸುತ್ತದೆ. ಪೊಲೀಸರಿಗೆ ಅದು ಬೇಕೇ ಬೇಕು. ಆದರೆ ರಾತ್ರಿ 3 ಗಂಟೆಗೆ ಹದಿನಾರು ಚೌಕಗಳ ಸ್ಕ್ರೀನನ್ನು ಕಣ್ಣು ಮಿಟುಕಿಸದೆ ನೋಡುವವರು ಯಾರೂ ಇಲ್ಲ. ಬಾಗಿಲು ದಾಟುವ ಮೊದಲೇ ತಡೆಯುವುದು ಟ್ಯಾಗ್ ಮತ್ತು ಲಾಕಿನ ಕೆಲಸ.

ನಮ್ಮ ಊರಿನ ಆಸ್ಪತ್ರೆಗೂ ಇದೆಲ್ಲ ಬೇಕಾ? ಎಲ್ಲರೂ ಗುರುತಿನವರೇ ಅಲ್ವಾ?

ಗುರುತಿನವರು ಅನ್ನುವುದು ಹಳೆಯ ಮಾತಾಯಿತು. ಇಲ್ಲಿಯ ದೊಡ್ಡ ಆಸ್ಪತ್ರೆಗಳಿಗೆ ಕಾಸರಗೋಡು, ಭಟ್ಕಳ, ಸುಳ್ಯ, ಚಿಕ್ಕಮಗಳೂರು, ಶಿವಮೊಗ್ಗದಿಂದ ಜನ ಬರುತ್ತಾರೆ. ಒಂದು ಹೆರಿಗೆಗೆ ಅಜ್ಜಿ, ಚಿಕ್ಕಮ್ಮ, ಅತ್ತಿಗೆ, ದುಬೈಯಿಂದ ರಜೆ ಮೇಲೆ ಬಂದ ಮಾವ ಎಲ್ಲರೂ ಹಾಜರು. ವಿಸಿಟಿಂಗ್ ಅವರ್ಸಿನಲ್ಲಿ ವಾರ್ಡಿನಲ್ಲಿ ಯಾರು ಯಾರ ಕಡೆಯವರು ಅಂತ ಹೇಳುವುದು ಕಷ್ಟ.

ನಮ್ಮ ಊರಿಗೇ ಸೇರಿದ ಇನ್ನೊಂದು ತೊಡಕು ಇದೆ. ಇಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ. ಪ್ರತಿ ಪೋಸ್ಟಿಂಗಿಗೂ ಹೊಸ ಬ್ಯಾಚ್, ಹೊಸ ಯೂನಿಫಾರ್ಮ್, ಹೊಸ ಮುಖಗಳು. ಆಸ್ಪತ್ರೆಯಿಂದ ಮಗು ಕದ್ದವರ ಬಗ್ಗೆ ಅಮೆರಿಕದಲ್ಲಿ ನಾಪತ್ತೆ ಮಕ್ಕಳ ರಾಷ್ಟ್ರೀಯ ಕೇಂದ್ರ ದಶಕಗಳ ಕಾಲ ಮಾಹಿತಿ ಕಲೆಹಾಕಿದೆ. ಅದರಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಇದು: ಹೆಚ್ಚಾಗಿ ಹೆರುವ ವಯಸ್ಸಿನ ಹೆಂಗಸು, ಬಸುರಿ ಅಂತ ಮನೆಯಲ್ಲಿ ಸುಳ್ಳು ಹೇಳಿಕೊಂಡಿರುತ್ತಾಳೆ, ಮೊದಲೇ ಒಂದೆರಡು ಸಲ ಬಂದು ವಾರ್ಡ್ ನೋಡಿ ಹೋಗಿರುತ್ತಾಳೆ, ಹಾಲೂಡಿಸುವ ಹೊತ್ತು ಯಾವುದು, ಮೆಟ್ಟಿಲು ಎಲ್ಲಿ ಅಂತೆಲ್ಲ ಕೇಳಿರುತ್ತಾಳೆ, ಕೊನೆಗೆ ನರ್ಸಿನ ವೇಷದಲ್ಲಿ ಬಂದು 'ಮಗುವನ್ನು ತಪಾಸಣೆಗೆ ಕೊಡಿ' ಅನ್ನುತ್ತಾಳೆ. ಯೂನಿಫಾರ್ಮ್ ಕಂಡರೆ ಕೇಳದೆ ಮಗುವನ್ನು ಕೊಟ್ಟುಬಿಡುವ ನಮ್ಮ ಅಭ್ಯಾಸಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಕಾನೂನು ಏನು ಹೇಳುತ್ತದೆ?

ಮಕ್ಕಳ ಕಳ್ಳಸಾಗಣೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಖಡಕ್ಕಾಗಿ ಹೇಳಿತು: ಆಸ್ಪತ್ರೆಯಿಂದ ನವಜಾತ ಶಿಶುವಿನ ಕಳ್ಳಸಾಗಣೆ ಆದರೆ, ಬೇರೆ ಕ್ರಮಗಳ ಜೊತೆಗೆ, ಮೊದಲು ಆ ಆಸ್ಪತ್ರೆಯ ಪರವಾನಗಿ ಅಮಾನತು ಮಾಡಬೇಕು. ಮ್ಯಾನೇಜ್‌ಮೆಂಟ್ ಕಿವಿ ನೆಟ್ಟಗಾದದ್ದು ಆಗ. 2015ರ ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್ ಸಿಬ್ಬಂದಿಗೆ ನೇರವಾಗಿ ತಟ್ಟುತ್ತದೆ. ಮಗುವನ್ನು ಮಾರಿದರೆ ಅಥವಾ ಕೊಂಡರೆ 5 ವರ್ಷದವರೆಗೆ ಜೈಲು. ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ, ಅಂದರೆ ಆಸ್ಪತ್ರೆ ಅಥವಾ ನರ್ಸಿಂಗ್ ಹೋಮಿನ ನೌಕರರೇ ಮಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಗೂ ಶಿಶು ಅಪಹರಣ ತಡೆಯುವ ಲಿಖಿತ ಕ್ರಮ ಇರಬೇಕು. ಬರೆದಿಟ್ಟ ಕ್ರಮ ಸಿಬ್ಬಂದಿಗೆ ಗೊತ್ತಿದೆಯಾ ಅಂತ ತಪಾಸಣೆಗೆ ಬಂದವರು ಆಯಾ ಹತ್ತಿರ ಕೂಡ ಕೇಳಬಹುದು.

ತರಬೇತಿ ನರ್ಸ್‌ಗಳಿಗೆ ಮಾತ್ರವಾ?

ಅಲ್ಲ. ಅಲಾರಂ ಆದಾಗ ಬಾಗಿಲ ಹತ್ತಿರ ಇರುವವರು ಯಾರು ಅಂತ ಯೋಚಿಸಿ. ನೆಲ ಒರೆಸುವ ಅಕ್ಕ, ಲಿಫ್ಟ್ ಆಪರೇಟರ್, ಲಿನನ್ ಟ್ರಾಲಿ ತಳ್ಳುವವರು, ಕ್ಯಾಂಟೀನಿನಿಂದ ಗಂಜಿ ತರುವ ಹುಡುಗ. ನರ್ಸ್ ಒಳಗೆ ಮಗುವಿನ ಹತ್ತಿರ ಇರುತ್ತಾರೆ. ಸ್ಕ್ರೀನ್ ನಡೆಸುವುದನ್ನು ನರ್ಸ್‌ಗಳು ಕಲಿತರೆ ಸಾಕು. ಆದರೆ ಆ ಶಬ್ದ ಯಾವುದು, ಕೇಳಿದರೆ ಎಲ್ಲಿ ಹೋಗಿ ನಿಲ್ಲಬೇಕು, ಜನರ ಹತ್ತಿರ ಏನು ಹೇಳಬೇಕು ಅನ್ನುವುದು ಆ ಮಹಡಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕು. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಏಜೆನ್ಸಿಯವರು ಸೆಕ್ಯುರಿಟಿ ಬದಲಾಯಿಸುತ್ತಲೇ ಇರುತ್ತಾರೆ ಅನ್ನುವುದು ಎಲ್ಲ ಕಡೆಯ ದೂರು. ಹಾಗಾಗಿ ಹೊಸಬರು ಗೇಟಿನಲ್ಲಿ ನಿಲ್ಲುವ ಮೊದಲ ದಿನವೇ ಈ ಇಪ್ಪತ್ತು ನಿಮಿಷ ಕೊಡಿ. ಮುಂದಿನ ತಿಂಗಳ ಕ್ಲಾಸಿಗೆ ಸೇರಿಸುತ್ತೇವೆ ಅಂದರೆ ಆಗ ಅವರು ಇರುವುದೇ ಇಲ್ಲ.

ಡಾಕ್ಟರುಗಳು? ಅವರೂ ಬರಬೇಕು. ಬರುವುದು ಕಡಿಮೆ. ಪಿಜಿಗಳಂತೂ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರುಗಳು) ಅವಸರದಲ್ಲಿ ಮಗುವನ್ನು ಎತ್ತಿಕೊಂಡು ಸ್ಕ್ಯಾನಿಂಗಿಗೆ ಹೊರಟೇಬಿಡುತ್ತಾರೆ.

ಕಂಪನಿಯವರೇ ಬಂದು ಕಲಿಸುತ್ತಾರಲ್ಲ?

ಯಂತ್ರ ಕೂರಿಸಿದ ವಾರ ಬಂದು ಚೆನ್ನಾಗಿಯೇ ಕಲಿಸುತ್ತಾರೆ. ಅವರು ಕಲಿಸುವುದು ಸಾಫ್ಟ್‌ವೇರ್. ನಿಮ್ಮ ವಾರ್ಡಿನ ಹಿಂದಿನ ಮೆಟ್ಟಿಲು ನೇರ ಪಾರ್ಕಿಂಗಿಗೆ ಇಳಿಯುತ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿ ಯಾರೂ ಇರಲ್ಲ ಅನ್ನುವುದು ಅವರಿಗೆ ಗೊತ್ತಿಲ್ಲ. ಪ್ರತಿ ಪಾಳಿಯಲ್ಲೂ ಚೆನ್ನಾಗಿ ಬಲ್ಲ ಒಬ್ಬರು ಇರುವ ಹಾಗೆ ನಿಮ್ಮವರಲ್ಲೇ ನಾಲ್ಕೈದು ಜನರನ್ನು ತಯಾರು ಮಾಡಿ. ರಾತ್ರಿ ಪಾಳಿಯನ್ನು ಮರೆಯಬೇಡಿ. ಬೆಳಗ್ಗೆ 11ಕ್ಕೆ ಕ್ಲಾಸ್ ಇಟ್ಟು, ರಾತ್ರಿ ಡ್ಯೂಟಿ ಮುಗಿಸಿದ ಸಿಸ್ಟರನ್ನು ನಿದ್ದೆಗೆಡಿಸಿ ಕೂರಿಸಿದರೆ ಅವರ ತಲೆಗೆ ಏನು ಹೋಗುತ್ತದೆ? ರಾತ್ರಿ 9ಕ್ಕೆ ವಾರ್ಡಿನಲ್ಲೇ ಮಾಡಿ.

ಟ್ಯಾಗ್ ಯಾವಾಗ ಕಟ್ಟಬೇಕು, ಎಷ್ಟು ಬಿಗಿ ಇರಬೇಕು?

ಲೇಬರ್ ರೂಮಿನಲ್ಲೇ, ಮಗು ತಾಯಿಯಿಂದ ಬೇರೆ ಕಡೆ ಹೋಗುವ ಮೊದಲೇ. ಹೆಸರಿನ ಐಡಿ ಬ್ಯಾಂಡ್ ಕಟ್ಟುವಾಗಲೇ ಇದನ್ನೂ ಕಟ್ಟಿ. ಸಿಸೇರಿಯನ್ ಆದರೆ ಥಿಯೇಟರಿನಲ್ಲೇ. 'ವಾರ್ಡಿಗೆ ಹೋದ ಮೇಲೆ ಕಟ್ಟೋಣ' ಅಂದರೆ ನಡುವಿನ ಕಾರಿಡಾರಿನಲ್ಲಿ ಮಗುವಿಗೆ ಕಾವಲೇ ಇಲ್ಲ.

ಕಾಲು ಒರೆಸಿ ಒಣಗಿಸಿ. ಪಟ್ಟಿ ಮತ್ತು ಚರ್ಮದ ನಡುವೆ ನಿಮ್ಮ ಕಿರುಬೆರಳ ತುದಿ ಹೋಗುವಷ್ಟು ಜಾಗ ಇರಲಿ. ಬಣ್ಣ ಬದಲಾಗಿದೆಯಾ, ಬೆರಳು ತಣ್ಣಗಿದೆಯಾ ನೋಡಿ. ಇದು ಒಂದು ಸಲದ ಕೆಲಸ ಅಲ್ಲ. ಹುಟ್ಟಿದ ಮಗು ಮೊದಲ ಕೆಲವು ದಿನಗಳಲ್ಲಿ ತೂಕದ ಶೇ 7ರಿಂದ 10ರಷ್ಟು ಇಳಿಯುವುದು ಸಹಜ. 3 ಕಿಲೋ ಮಗು 200-300 ಗ್ರಾಂ ಕಡಿಮೆ ಆಗುತ್ತದೆ, ಕಾಲಿನ ಊತವೂ ಇಳಿಯುತ್ತದೆ. ಮೊದಲ ದಿನ ಸರಿಯಾಗಿದ್ದ ಪಟ್ಟಿ ಎರಡನೇ ದಿನ ಜಾರುತ್ತದೆ. ಸಡಿಲ ಪಟ್ಟಿಯ ಅಲಾರಂಗಳಲ್ಲಿ ಜಾಸ್ತಿ ಪಾಲು ಇದೇ. ಪ್ರತಿ ಪಾಳಿ ಬದಲಾಗುವಾಗ ಮಗುವಿನ ಕಾಲು ಮುಟ್ಟಿ ನೋಡುವ ಅಭ್ಯಾಸ ಬೆಳೆದರೆ ಅರ್ಧ ಅಲಾರಂ ಕೂಗುವುದೇ ಇಲ್ಲ.

ತಿಂಗಳು ತುಂಬದ ಮಕ್ಕಳ ಚರ್ಮ ತೆಳು. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಯಾವ ಪಟ್ಟಿ ಬಳಸಬೇಕು, ಎಷ್ಟು ಗಂಟೆಗೊಮ್ಮೆ ಕಾಲು ಬದಲಿಸಬೇಕು ಅನ್ನುವುದನ್ನು ಅಲ್ಲಿಯ ಇನ್‌ಚಾರ್ಜ್ ನಿರ್ಧರಿಸಲಿ.

ಅಲಾರಂ ಆದರೆ ಮೊದಲು ಏನು ಮಾಡಬೇಕು?

ಮಗುವನ್ನು ನೋಡಬೇಕು. ಇಡೀ ತರಬೇತಿಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ: ಮೊದಲು ಮಗು, ಆಮೇಲೆ ಬಟನ್.

ಎಲ್ಲ ಕಡೆ ನಡೆಯುವುದು ತಿರುಗುಮುರುಗು. ಸ್ಕ್ರೀನ್ ಕೂಗುತ್ತದೆ. ಫೈಲ್ ಬರೆಯುತ್ತಿದ್ದ ಸಿಸ್ಟರ್ ಕೈ ಚಾಚಿ ಸೈಲೆನ್ಸ್ ಒತ್ತುತ್ತಾರೆ. 'ಆ 12ನೇ ಬೆಡ್ಡಿನದ್ದು, ಬೆಳಗ್ಗೆಯಿಂದ ಹೀಗೇ' ಅನ್ನುತ್ತಾರೆ. ಎದ್ದು ಹೋಗುವುದಿಲ್ಲ. ಲಕ್ಷಗಟ್ಟಲೆ ಸುರಿದು ಕೂರಿಸಿದ ಯಂತ್ರ ಆ ಒಂದು ಬೆರಳಿನಿಂದ ಸತ್ತುಹೋಗುತ್ತದೆ. 12ನೇ ಬೆಡ್ಡಿನ ಮಗು ತಾಯಿ ಪಕ್ಕ ಮಲಗಿದೆಯೋ ಇಲ್ಲವೋ ಅನ್ನುವುದು ಸ್ಕ್ರೀನಿಗೆ ಗೊತ್ತಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಕ್ರಮ ಹೀಗೆ. ಒಬ್ಬರು ಮಗುವಿನ ಹತ್ತಿರ ಓಡುವುದು. ಇನ್ನೊಬ್ಬರು ಬಾಗಿಲಿಗೆ. ಮಗು ಕಂಡರೆ ಐಡಿ ಬ್ಯಾಂಡಿನ ನಂಬರನ್ನು ತಾಯಿಯ ಬ್ಯಾಂಡಿನ ಜೊತೆ ಹೋಲಿಸಿ, ಟ್ಯಾಗ್ ನೋಡಿ, ಕಾರಣ ಸರಿ ಮಾಡಿ, ಆಮೇಲೆ ವಾಪಸ್ ಬಂದು ಅಲಾರಂ ನಿಲ್ಲಿಸಿ ಕಾರಣ ಬರೆಯಿರಿ. ಮಗು ಕಾಣದಿದ್ದರೆ ಬಾತ್‌ರೂಮಿನಲ್ಲಿರಬಹುದು, ಅಜ್ಜಿ ಎತ್ತಿಕೊಂಡಿರಬಹುದು ಅಂತ ಕಾಯಬೇಡಿ. ಕೋಡ್ ಪಿಂಕ್ ಕರೆಯಿರಿ, ಅಂದರೆ ಮಗು ಕಾಣೆಯಾಗಿದೆ ಅಂತ ಸಿಬ್ಬಂದಿಗೆ ಮಾತ್ರ ಅರ್ಥವಾಗುವ ಘೋಷಣೆ. ಅಜ್ಜಿ ಕೈಯಲ್ಲೇ ಸಿಕ್ಕಿದರೆ ಒಳ್ಳೆಯದೇ ಆಯಿತು. ಕರೆದವರನ್ನು ಯಾರೂ ಬೈಯಬಾರದು. ಬೈದರೆ ಮುಂದಿನ ಸಲ ಅವರು ಎರಡು ನಿಮಿಷ ಯೋಚಿಸುತ್ತಾರೆ.

ಸುಳ್ಳು ಅಲಾರಂ ದಿನಕ್ಕೆ ಹತ್ತಾರು ಬರುತ್ತದೆ. ಎಷ್ಟು ಸಲ ಓಡುವುದು?

ನ್ಯಾಯವಾದ ಪ್ರಶ್ನೆ. ಇದಕ್ಕೆ ಸಿಬ್ಬಂದಿಯನ್ನು ದೂರುವುದು ಸುಲಭ. ಆದರೆ ದಿನಕ್ಕೆ ಹತ್ತಾರು ಸಲ ಕೂಗುವ ಯಂತ್ರವನ್ನು ಯಾರೂ ಬಹಳ ದಿನ ನಂಬುವುದಿಲ್ಲ. ಅದು ಮನುಷ್ಯ ಸ್ವಭಾವ. ಅಲಾರಂ ಕಡಿಮೆ ಮಾಡುವುದೂ ತರಬೇತಿಯ ಭಾಗವೇ.

ಒಂದು ವಾರ ಪ್ರತಿ ಅಲಾರಮ್ಮಿನ ಕಾರಣ ಬರೆದಿಡಿ. ಎಲ್ಲಿ, ಯಾವ ಹೊತ್ತು, ಯಾಕೆ. ವಾರದ ಕೊನೆಗೆ ನೋಡಿದರೆ ಸಾಮಾನ್ಯವಾಗಿ ಎರಡೋ ಮೂರೋ ಕಾರಣಗಳೇ ಎದ್ದು ಕಾಣುತ್ತವೆ. ಬಾಗಿಲಿಗೆ ತೀರಾ ಹತ್ತಿರದ ಬೆಡ್ ಒಂದು ಇರುತ್ತದೆ. ತಾಯಿ ಮಗುವನ್ನು ಎತ್ತಿಕೊಂಡು ಆ ಕಡೆ ತಿರುಗಿದರೂ ಸಾಕು, ಬಾಗಿಲಿನ ಸಾಧನ ಹಿಡಿಯುತ್ತದೆ. ಬೆಡ್ ಸರಿಸಿ, ಇಲ್ಲವೇ ಬಾಗಿಲಿನ ವ್ಯಾಪ್ತಿ ಕಡಿಮೆ ಮಾಡಿಸಿ. ಸ್ಟೀಲ್ ಕ್ರೇಡಲ್, ಸ್ಟೀಲ್ ಅಲ್ಮೇರಾ ಸಂಕೇತವನ್ನು ಅಡ್ಡಗಟ್ಟುತ್ತವೆ. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ನೀರು ರೇಡಿಯೋ ಅಲೆ ಹೀರಿಕೊಳ್ಳುತ್ತದೆ. ಮಗುವನ್ನು ಎದೆಗವಚಿಕೊಂಡು ಕಾಲನ್ನು ಮಡಚಿ ಹಿಡಿದರೆ ಸಂಕೇತ ಮಂಕಾಗುತ್ತದೆ. ಕಾಂಗರೂ ಆರೈಕೆಯಲ್ಲಿರುವ, ಅಂದರೆ ತಾಯಿಯ ಎದೆಗೆ ಚರ್ಮ ತಾಗುವ ಹಾಗೆ ಮಲಗಿಸಿದ ಮಕ್ಕಳಿಗೆ ಇದು ಆಗಾಗ ಆಗುತ್ತದೆ. ಅದಕ್ಕೆ ಕಾಂಗರೂ ಆರೈಕೆ ನಿಲ್ಲಿಸಬಾರದು. ಆ ಮೂಲೆಗೆ ಇನ್ನೊಂದು ರಿಸೀವರ್ ಹಾಕಿಸಬೇಕು.

ಬ್ಯಾಟರಿ ಕಡಿಮೆ ಅನ್ನುವ ಎಚ್ಚರಿಕೆ ಬಂದ ಟ್ಯಾಗನ್ನು 'ನಾಳೆ ನೋಡೋಣ' ಅಂತ ಇನ್ನೊಂದು ಮಗುವಿಗೆ ಕಟ್ಟುವುದು ಇನ್ನೊಂದು ದೊಡ್ಡ ಕಾರಣ. ಅದನ್ನು ಬೇರೆ ಡಬ್ಬಿಗೆ ಹಾಕಿ.

ಅಲಾರಂ ಜಾಸ್ತಿ ಅಂತ ವಾಲ್ಯೂಮ್ ಕಡಿಮೆ ಮಾಡಿದ, ಸ್ಪೀಕರಿಗೆ ಹತ್ತಿ ತುರುಕಿದ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ತೆರೆದೇ ಬಿಟ್ಟ ವಾರ್ಡುಗಳೂ ಇವೆ. ಅಲ್ಲಿ ಯಂತ್ರ ಇದ್ದೂ ಇಲ್ಲ.

ಮಗುವನ್ನು ಸ್ಕ್ಯಾನಿಂಗ್, ಕಿವಿ ಪರೀಕ್ಷೆ, ಫೋಟೋಥೆರಪಿಗೆ ಕಳಿಸುವಾಗ?

ಸ್ಕ್ರೀನಿನಲ್ಲಿ ಆ ಮಗುವಿಗೆ ಮಾತ್ರ ನಿಗದಿತ ಸಮಯಕ್ಕೆ ಹೊರಗೆ ಹೋಗಲು ಅನುಮತಿ ಕೊಡುವ ಸೌಲಭ್ಯ ಇರುತ್ತದೆ. ಅದನ್ನೇ ಬಳಸಿ. ಟ್ಯಾಗ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಬೇಡಿ. ಯಾರು ಕರೆದುಕೊಂಡು ಹೋದರು, ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವುದು ದಾಖಲಾಗಬೇಕು. ಸಮಯ ಮೀರಿದರೆ ಯಂತ್ರ ಕೂಗುತ್ತದೆ, ಕೂಗಲಿ. ಎಂಆರ್‌ಐಗೆ ಮಾತ್ರ ಟ್ಯಾಗ್ ಬಿಚ್ಚಲೇಬೇಕು. ಆಗ ಒಬ್ಬ ನರ್ಸ್ ಮಗುವಿನ ಜೊತೆಗೇ ಇರಬೇಕು, ಮುಗಿದ ಕೂಡಲೇ ಅಲ್ಲೇ ಮತ್ತೆ ಕಟ್ಟಬೇಕು.

ಮಗುವನ್ನು ಕೈಯಲ್ಲಿ ಎತ್ತಿಕೊಂಡು ಕಾರಿಡಾರಿನಲ್ಲಿ ನಡೆಯುವುದು ಬೇಡ. ಯಾವಾಗಲೂ ಕ್ರೇಡಲ್ ಟ್ರಾಲಿಯಲ್ಲೇ. ಈ ನಿಯಮ ಗಟ್ಟಿಯಾಗಿದ್ದರೆ ಕೈಯಲ್ಲಿ ಮಗು ಹಿಡಿದು ಹೊರಟವರನ್ನು ಯಾರು ಬೇಕಾದರೂ ತಡೆದು ಕೇಳಬಹುದು. ಸಾಧ್ಯವಿದ್ದರೆ ಬೈಸ್ಟ್ಯಾಂಡರ್ (ತಾಯಿಯ ಜೊತೆ ಉಳಿಯುವ ಮನೆಯವರು) ಒಬ್ಬರು ಜೊತೆಗೆ ಹೋಗಲಿ.

ಕೋಡ್ ಪಿಂಕ್ ಕರೆದಾಗ ಯಾರು ಏನು ಮಾಡಬೇಕು?

ನೀವು ಎಲ್ಲಿದ್ದೀರೋ ಅಲ್ಲಿಗೆ ಹತ್ತಿರದ ಬಾಗಿಲಿಗೆ, ಮೆಟ್ಟಿಲಿಗೆ, ಲಿಫ್ಟಿಗೆ ಹೋಗಿ ನಿಲ್ಲಿ. ವಾರ್ಡಿಗೆ ಓಡಿ ಬಂದು ಗುಂಪು ಕಟ್ಟಬೇಡಿ. ವಾರ್ಡಿನಲ್ಲಿ ಇದ್ದವರು ಎಲ್ಲ ಮಕ್ಕಳನ್ನು ಎಣಿಸಿ, ಬ್ಯಾಂಡ್ ಹೋಲಿಸಲಿ. ಒಬ್ಬ ಸಿಸ್ಟರ್ ಆ ತಾಯಿಯ ಹತ್ತಿರವೇ ಇರಬೇಕು, ಬೇರೆ ಯಾವ ಕೆಲಸಕ್ಕೂ ಏಳಬಾರದು. ಆ ಬೆಡ್, ಬಟ್ಟೆ, ತೊಟ್ಟಿಲು ಇದ್ದ ಹಾಗೇ ಇರಲಿ. ಪೊಲೀಸರಿಗೆ ಬೇಕು.

ಬಾಗಿಲಲ್ಲಿ ನಿಂತವರು ದೊಡ್ಡ ಬ್ಯಾಗ್, ಲಿನನ್ ಟ್ರಾಲಿ, ಬಟ್ಟೆಯ ಗಂಟು, ಮಳೆಗಾಲವಾದರೆ ರೇನ್‌ಕೋಟ್ ಗಮನಿಸಿ. 'ಅಕ್ಕ, ಒಂದು ನಿಮಿಷ ನಿಲ್ಲಿ, ಪಾಸ್ ತೋರಿಸಿ' ಅಂದರೆ ಸಾಕು. ತುಳು ಬಲ್ಲವರಿಗೆ 'ಅಕ್ಕ, ಒಂಜಿ ನಿಮಿಷ ಉಂತುಲೆ'. ಕೇಳದೆ ಓಡಿದರೆ ಮೈಮೇಲೆ ಬೀಳಬೇಡಿ, ಕೈಯಲ್ಲಿ ಮಗು ಇರಬಹುದು. ಮುಖ, ಬಟ್ಟೆ, ಹೋದ ದಿಕ್ಕು, ಗಾಡಿ ನಂಬರ್ ನೆನಪಿಟ್ಟುಕೊಂಡು ಕೂಡಲೇ ಹೇಳಿ.

ಮೈಕಿನಲ್ಲಿ 'ಮಗು ಕಳವಾಗಿದೆ' ಅಂತಲೇ ಹೇಳಬಾರದಾ? ಜನರೂ ಹುಡುಕುತ್ತಾರಲ್ಲ?

ದಯವಿಟ್ಟು ಹೇಳಬೇಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವದಂತಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಆ ಯುವಕನ ಗುಂಪು ಮಾಡಿದ್ದು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದು, ಅಷ್ಟೇ. ನಮ್ಮ ಕರಾವಳಿಯಲ್ಲಿ ಗುಂಪು ಸೇರಲು ಇನ್ನೂ ಕಡಿಮೆ ಸಾಕು. ಆಸ್ಪತ್ರೆಯ ಹೊರಗೆ ಆಟೋ ಸ್ಟ್ಯಾಂಡಿನವರೆಗೆ ಸುದ್ದಿ ಮುಟ್ಟಿದರೆ, ತನ್ನ ಸ್ವಂತ ಮಗುವನ್ನು ಎತ್ತಿಕೊಂಡು ಹೊರಟ ತಂದೆಗೂ ಅಪಾಯ. ಕೋಡ್ ಇರುವುದು ಅದಕ್ಕೇ: ಗೊತ್ತಿರಬೇಕಾದವರಿಗೆ ಮಾತ್ರ ಗೊತ್ತಾಗಲಿ.

ಇದಕ್ಕೆ ಸೇರಿದ್ದೇ ಇನ್ನೊಂದು ಮಾತು. ಬಟ್ಟೆ ನೋಡಿ, ಭಾಷೆ ನೋಡಿ, ಜಾತಿ ಧರ್ಮ ನೋಡಿ ತಡೆಯಬಾರದು. ಬಾಗಿಲಲ್ಲಿ ನಿಂತ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ. ಮುಖ ನೋಡಬೇಕಾದ ಸಂದರ್ಭ ಬಂದರೆ ಮಹಿಳಾ ಸೆಕ್ಯುರಿಟಿ ಪಕ್ಕದ ಕೋಣೆಯಲ್ಲಿ ನೋಡಲಿ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಒಬ್ಬ ಮಹಿಳಾ ಗಾರ್ಡ್ ಇರಲೇಬೇಕು ಅಂತ ನಾನು ಹೇಳುವುದು ಇದಕ್ಕೂ ಸೇರಿ.

ಅಣಕು ಅಭ್ಯಾಸ ಹೇಗೆ ಮಾಡುವುದು?

ಗೊಂಬೆಗೆ ಟ್ಯಾಗ್ ಕಟ್ಟಿ, ವಾರ್ಡಿಗೆ ಅಪರಿಚಿತರಾದ ಒಬ್ಬರಿಗೆ ಯೂನಿಫಾರ್ಮ್ ಹಾಕಿಸಿ, ಹೊರಗೆ ಒಯ್ಯಲು ಹೇಳಿ. ನಿಜವಾದ ಮಗುವನ್ನು ಯಾವ ಕಾರಣಕ್ಕೂ ಬಳಸಬಾರದು. ತಾಯಂದಿರಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಬಾಣಂತಿಯರು ಹೆದರಿಬಿಡುತ್ತಾರೆ. ಆದರೆ ಸಿಬ್ಬಂದಿಗೆ ಮೊದಲೇ ಹೇಳಬೇಡಿ.

ಮೊದಲ ಅಭ್ಯಾಸದಲ್ಲಿ ಸಾಮಾನ್ಯವಾಗಿ ಗೊಂಬೆ ಪಾರ್ಕಿಂಗ್ ಮುಟ್ಟುತ್ತದೆ. ಬೇಸರ ಬೇಡ, ಎಲ್ಲಿ ಸೋರಿತು ಅಂತ ಗೊತ್ತಾಯಿತಲ್ಲ. ಅಲಾರಂ ಕೂಗಿದ ಮೇಲೆ ಮಗುವಿನ ಬೆಡ್ ಹತ್ತಿರ ಮೊದಲ ಕಾಲು ಬೀಳಲು ಎಷ್ಟು ಹೊತ್ತಾಯಿತು, ಹಿಂದಿನ ಮೆಟ್ಟಿಲಿಗೆ ಯಾರಾದರೂ ಬಂದರಾ, ಮೈಕಿನ ಘೋಷಣೆ ಕ್ಯಾಂಟೀನಿನಲ್ಲಿ ಕೇಳಿಸಿತಾ. ಈ ಮೂರನ್ನು ಬರೆದುಕೊಳ್ಳಿ. ಪಾಳಿ ಬದಲಾಗುವ ಹೊತ್ತು, ವಿಸಿಟಿಂಗ್ ಅವರ್ಸ್, ಭಾನುವಾರ ರಾತ್ರಿ, ಹೀಗೆ ಬೇರೆ ಬೇರೆ ಸಮಯದಲ್ಲಿ ಮಾಡಿ.

ಕರೆಂಟ್ ಹೋದರೆ? ಸಿಡಿಲು ಬಡಿದರೆ?

ಮ್ಯಾಗ್ನೆಟ್ ಲಾಕ್ ಕರೆಂಟಿನ ಬಲದಲ್ಲಿ ಹಿಡಿದುಕೊಳ್ಳುತ್ತದೆ. ಕರೆಂಟ್ ಪೂರ್ತಿ ಹೋದರೆ ಬಾಗಿಲು ತೆರೆದುಕೊಳ್ಳುತ್ತದೆ. ಬೇಕಂತಲೇ ಹಾಗೆ ಮಾಡಿದ್ದು, ಒಳಗೆ ಯಾರೂ ಸಿಕ್ಕಿಹಾಕಿಕೊಳ್ಳಬಾರದು ಅಂತ. ಯುಪಿಎಸ್ ಇದ್ದರೂ ಜನರೇಟರ್ ಶುರುವಾಗುವ ಸಂದಿಯಲ್ಲಿ ಕೆಲವು ಯಂತ್ರಗಳು ರೀಸ್ಟಾರ್ಟ್ ಆಗುತ್ತವೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು, ಆಮೇಲೆ ಜೂನ್‌ನಿಂದ ಸುರಿಯುವ ಮಳೆ. ನಮ್ಮ ಕಡೆ ಇದು ವರ್ಷಕ್ಕೊಮ್ಮೆಯ ಮಾತಲ್ಲ. ಕರೆಂಟ್ ಹೋದ ಕೂಡಲೇ ಸೆಕ್ಯುರಿಟಿ ಬಾಗಿಲಿಗೆ, ಸಿಸ್ಟರ್ ಮಕ್ಕಳ ಎಣಿಕೆಗೆ. ಯಾರೂ ಹೇಳಿಕೊಡದೆ ಇದು ಆಗಬೇಕು.

ಉಪ್ಪು ಗಾಳಿಗೆ ಹೊರಬಾಗಿಲಿನ ಸಾಧನಗಳ ತಂತಿ, ತಿರುಪು ತುಕ್ಕು ಹಿಡಿಯುತ್ತವೆ. ಮಳೆಗಾಲಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಪ್ರತಿ ಬಾಗಿಲನ್ನು ಟೆಸ್ಟ್ ಟ್ಯಾಗ್ ಹಿಡಿದು ನಡೆದು ನೋಡಿ.

ಹಿಂದಿನ ಬಾಗಿಲಿಗೆ ಬೀಗ ಹಾಕಿಬಿಟ್ಟರೆ ಸುರಕ್ಷಿತ ಅಲ್ವಾ?

ಅಪಾಯ. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ಸರ್ಕಾರಿ ಆಸ್ಪತ್ರೆಯ ಶಿಶು ಘಟಕಕ್ಕೆ ಬೆಂಕಿ ಬಿದ್ದು 10 ಶಿಶುಗಳು ಅಂದೇ ಸತ್ತವು. ಬೆಂಕಿ ಬಿದ್ದಾಗ ಬೀಗದ ಕೈ ಹುಡುಕುವ ಸ್ಥಿತಿ ಬರಬಾರದು. ತುರ್ತು ಬಾಗಿಲಿಗೆ ಬೀಗ, ಸರಪಳಿ ಬೇಡ. ಫೈರ್ ಅಲಾರಂ ಆದರೆ ಮ್ಯಾಗ್ನೆಟ್ ಲಾಕ್ ತಾನಾಗಿ ಬಿಡುವ ಹಾಗೆ ಜೋಡಿಸಿರಬೇಕು. ಇದನ್ನೇ ಲಾಭ ಮಾಡಿಕೊಂಡು ಫೈರ್ ಬಟನ್ ಒಡೆದು ಮಗು ಒಯ್ಯಬಹುದು. ಅದಕ್ಕೇ ಫೈರ್ ಅಲಾರಂ ಆದಾಗಲೂ ಹೊರಬಾಗಿಲಲ್ಲಿ ಒಬ್ಬರು ನಿಂತು ಮಕ್ಕಳನ್ನು ಗಮನಿಸಬೇಕು.

ಡಿಸ್ಚಾರ್ಜ್ ದಿನ ಏನು ಗಮನಿಸಬೇಕು?

ಅತಿ ಹೆಚ್ಚು ಗಡಿಬಿಡಿಯ ದಿನ. ಬಿಲ್ಲಿಂಗ್, ಫಾರ್ಮಸಿ, ತಾಯಿ ಕಾರ್ಡ್, ಲಸಿಕೆಯ ಚೀಟಿ, ಕೆಳಗೆ ಕಾಯುವ ಕಾರು. ಎಷ್ಟೋ ಕಡೆ ಬೆಳಗ್ಗೆಯೇ ಎಲ್ಲ ಮಕ್ಕಳ ಟ್ಯಾಗ್ ಬಿಚ್ಚಿಡುತ್ತಾರೆ, ಬಿಲ್ ಆಗುವಾಗ ಮಧ್ಯಾಹ್ನ 2 ಗಂಟೆ. ಅಷ್ಟು ಹೊತ್ತು ಆ ಮಕ್ಕಳಿಗೆ ಕಾವಲಿಲ್ಲ. ಹೊರಡುವ ಕ್ಷಣದಲ್ಲಿ, ತಾಯಿ ಗಾಲಿಕುರ್ಚಿಯಲ್ಲಿ ಕೂತ ಮೇಲೆ, ಬ್ಯಾಂಡ್ ಹೋಲಿಸಿ ಬಿಚ್ಚಿ. ಗೇಟಿನಲ್ಲಿ ಪಾಸ್ ಕೇಳಲಿ.

ಮರೆತರೆ ಟ್ಯಾಗ್ ಸುಳ್ಯಕ್ಕೋ ಕುಂದಾಪುರಕ್ಕೋ ಹೋಗಿರುತ್ತದೆ. ಆಮೇಲೆ ಫೋನ್ ಮಾಡಿ ತರಿಸುವುದು ದೊಡ್ಡ ರಗಳೆ. ವಾಪಸ್ ಬಂದ ಟ್ಯಾಗನ್ನು ಕಂಪನಿ ಹೇಳಿದ ದ್ರಾವಣದಲ್ಲಿ ಒರೆಸಿ. ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕಬೇಡಿ. ಪಟ್ಟಿ ಒಂದು ಮಗುವಿಗೆ ಒಂದೇ.

ಬಿಲ್ ಬಾಕಿ ಇದೆ ಅಂತ ಟ್ಯಾಗ್ ಬಿಚ್ಚದೆ ಇಡಬಹುದಾ?

ಬೇಡವೇ ಬೇಡ. ಹಣಕ್ಕಾಗಿ ರೋಗಿಯನ್ನು ಹಿಡಿದಿಡುವಂತಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಿಲ್ಲಿಂಗಿನವರು ಸಿಸ್ಟರಿಗೆ ಫೋನ್ ಮಾಡಿ 'ಟ್ಯಾಗ್ ಬಿಚ್ಚಬೇಡಿ' ಅನ್ನುವ ಪದ್ಧತಿ ಎಲ್ಲಾದರೂ ಇದ್ದರೆ ಅದನ್ನು ಈಗಲೇ ನಿಲ್ಲಿಸಿ. ಒಮ್ಮೆ ಟ್ಯಾಗ್ ಅಂದರೆ ಬಿಲ್ಲಿನ ಬೇಡಿ ಅಂತ ಮನೆಯವರಿಗೆ ಅನಿಸಿದರೆ ಅವರೇ ಕತ್ತರಿ ಹಿಡಿಯುತ್ತಾರೆ.

ಮಕ್ಕಳ ವಾರ್ಡಿನ ದೊಡ್ಡ ಮಕ್ಕಳಿಗೆ?

ಇಲ್ಲಿ ಕಥೆ ಬೇರೆ. ಮೂರು ವರ್ಷದ ಮಗು ತಾನೇ ಓಡಿಹೋಗುತ್ತದೆ, ಟ್ಯಾಗನ್ನು ಎಳೆದು ಕಿತ್ತು ಹಾಕುತ್ತದೆ. ಕೈ ತಲುಪದ ಹಾಗೆ ಕಾಲಿಗೆ ಕಟ್ಟಿ, ಮೇಲೆ ಸಾಕ್ಸ್ ಹಾಕಿ. ಒಯ್ಯುವವರು ಅಪರಿಚಿತರಲ್ಲದೆ ಮನೆಯವರೇ ಆಗಿರುವುದೂ ಇಲ್ಲಿ ಜಾಸ್ತಿ. ಗಂಡ ಹೆಂಡತಿ ಬೇರೆಯಾಗಿದ್ದು, ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟಿನಲ್ಲಿದೆ ಅಂದುಕೊಳ್ಳಿ. ದಾಖಲು ಮಾಡಿಕೊಳ್ಳುವಾಗಲೇ 'ಮಗುವನ್ನು ಯಾರು ನೋಡಬಾರದು ಅಂತ ಏನಾದರೂ ಆದೇಶ ಇದೆಯಾ?' ಎಂದು ಮೆಲ್ಲಗೆ ಕೇಳಿ. ಇದ್ದರೆ ಪ್ರತಿ ಪಾಳಿಗೂ ತಿಳಿಸಿ. ಜಗಳ ಬಂದರೆ ತೀರ್ಪು ಕೊಡುವುದು ಸಿಸ್ಟರ್ ಕೆಲಸ ಅಲ್ಲ. ಮೆಡಿಕಲ್ ಸೂಪರಿಂಟೆಂಡೆಂಟನ್ನು, ಬೇಕಾದರೆ ಪೊಲೀಸರನ್ನು ಕರೆಯಿರಿ.

ತಾಯಿ ಮತ್ತು ಮನೆಯವರಿಗೆ ಏನು ಹೇಳಬೇಕು?

ಹೆರಿಗೆಗೆ ಮೊದಲೇ ಹೇಳಿದರೆ ಒಳ್ಳೆಯದು. ಹೆತ್ತ ಸುಸ್ತಿನಲ್ಲಿ ಏನೂ ತಲೆಗೆ ಹೋಗುವುದಿಲ್ಲ. ಅವರವರ ಭಾಷೆಯಲ್ಲಿ ಹೇಳಿ: ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕುಂದಾಪುರದ ಕಡೆಯವರಿಗೆ ಅವರ ಕನ್ನಡ. ವಾರ್ಡಿನಲ್ಲಿ ಎಲ್ಲ ಭಾಷೆ ಬಲ್ಲ ಆಯಾ ಒಬ್ಬರು ಇದ್ದೇ ಇರುತ್ತಾರೆ. ಅವರಿಗಿಂತ ಒಳ್ಳೆಯ ಶಿಕ್ಷಕಿ ಇಲ್ಲ.

ಹೇಳಬೇಕಾದ್ದು ಇಷ್ಟೇ. ಐಡಿ ಕಾರ್ಡ್ ಇಲ್ಲದವರ ಕೈಗೆ ಮಗು ಕೊಡಬೇಡಿ, ಯೂನಿಫಾರ್ಮ್ ಇದ್ದರೂ. ಯಾಕೆ ಒಯ್ಯುತ್ತೀರಿ ಅಂತ ಕೇಳಿ, ಕೇಳಿದರೆ ನಮಗೇನೂ ಬೇಜಾರಿಲ್ಲ. ಬಾತ್‌ರೂಮಿಗೆ ಹೋಗುವಾಗ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಗುವಿನ ಫೋಟೋವನ್ನು ವಾರ್ಡ್, ಬೆಡ್ ನಂಬರ್ ಕಾಣುವ ಹಾಗೆ ಸ್ಟೇಟಸ್ ಹಾಕಬೇಡಿ. ಕಾಲ್ಗೆಜ್ಜೆ ಹಾಕಲೇಬೇಕು ಅಂತ ಅಜ್ಜಿ ಹಟ ಹಿಡಿದರೆ ಟ್ಯಾಗ್ ಇಲ್ಲದ ಕಾಲಿಗೆ ಹಾಕಲಿ.

ಟ್ಯಾಗಿನ ರೇಡಿಯೇಷನ್ನಿನಿಂದ ಮಗುವಿಗೆ ತೊಂದರೆಯಾ?

ಇದನ್ನು ಹೆಚ್ಚಾಗಿ ಅಪ್ಪಂದಿರು ಕೇಳುತ್ತಾರೆ, ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ. ಟ್ಯಾಗ್ ಕಳಿಸುವುದು ಎಕ್ಸ್-ರೇ ಥರದ ಕಿರಣ ಅಲ್ಲ, ಬಹಳ ಕಡಿಮೆ ಶಕ್ತಿಯ ರೇಡಿಯೋ ಸಂಕೇತ. ಅದೂ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು. ಮೊಬೈಲಿನ ಶಕ್ತಿಗೆ ಹೋಲಿಸಿದರೆ ತೀರಾ ಕಡಿಮೆ. ನಗದೆ, ತಾಳ್ಮೆಯಿಂದ ಹೇಳಿ.

ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಿದರೆ ಏನು?

ಅಲಾರಂ ಯಾರು ನಿಲ್ಲಿಸಿದರು ಅಂತ ಗೊತ್ತಾಗುವುದಿಲ್ಲ. ಮಾನಿಟರಿಗೆ ಅಂಟಿಸಿದ ಚೀಟಿ ಇವತ್ತೇ ಕಿತ್ತು ಹಾಕಿ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿಸಿ.

ನಮ್ಮದು ಹತ್ತು ಬೆಡ್ಡಿನ ನರ್ಸಿಂಗ್ ಹೋಮ್. ಇಷ್ಟು ಹಣ ಎಲ್ಲಿಂದ?

ಯಂತ್ರ ಇಲ್ಲದೆಯೂ ಬಹಳಷ್ಟು ಮಾಡಬಹುದು. ತಾಯಿ ಮತ್ತು ಮಗುವಿಗೆ ಒಂದೇ ನಂಬರಿನ ಬ್ಯಾಂಡ್. ಒಂದೇ ಪ್ರವೇಶ ಬಾಗಿಲು, ಅಲ್ಲಿ ಒಬ್ಬರು. ಬೈಸ್ಟ್ಯಾಂಡರ್ ಪಾಸ್ ಒಬ್ಬರಿಗೆ ಮಾತ್ರ. ಹೆರಿಗೆ ವಿಭಾಗದ ಸಿಬ್ಬಂದಿಗೆ ಬೇರೆ ಬಣ್ಣದ ಐಡಿ ಕಾರ್ಡ್, ಅದನ್ನು ತಾಯಂದಿರಿಗೆ ತೋರಿಸಿ ಇಡುವುದು. ಮೆಟ್ಟಿಲಿನ ಬಾಗಿಲಿಗೆ ತೆರೆದರೆ ಕೂಗುವ ಸಾದಾ ಬಜರ್. ದೊಡ್ಡ ಯಂತ್ರ ಇಟ್ಟು ತಿರುಗಿ ನೋಡದ ಆಸ್ಪತ್ರೆಗಿಂತ ಇದು ಎಷ್ಟೋ ಮೇಲು.

ನಿಜವಾಗಿಯೂ ಮಗು ಕಾಣೆಯಾದರೆ ಪೊಲೀಸರಿಗೆ ಯಾವಾಗ ಹೇಳಬೇಕು?

ತಕ್ಷಣ, 112. ಒಳಗೇ ಹುಡುಕಿ ಮುಗಿಸಿ ಆಮೇಲೆ ಹೇಳೋಣ, ಹೆಸರು ಕೆಡುತ್ತದೆ ಅನ್ನುವವರು ಇರುತ್ತಾರೆ. ಅವರ ಮಾತು ಕೇಳಬೇಡಿ. ಕಾಣೆಯಾದ ಮಗುವಿನ ದೂರು ಬಂದರೆ ಅಪಹರಣ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಮಂಗಳೂರು, ಉಡುಪಿ ಎರಡೂ ಕಡೆ ಹೆದ್ದಾರಿ ಮತ್ತು ರೈಲು ಹತ್ತಿರ. ಮಂಗಳೂರಿನಿಂದಾದರೆ ಕೇರಳದ ಗಡಿ ಅರ್ಧ ಗಂಟೆಯ ದಾರಿ. ಕ್ಯಾಮೆರಾ ದೃಶ್ಯವನ್ನು ಕೂಡಲೇ ಬೇರೆ ಕಡೆ ಉಳಿಸಿಡಿ. ಆ ಪಾಳಿಯವರು ಹೇಳಿಕೆ ಕೊಡುವ ತನಕ ಮನೆಗೆ ಹೋಗಬಾರದು. ಪತ್ರಿಕೆಯವರ ಹತ್ತಿರ ಒಬ್ಬರು ಮಾತ್ರ ಮಾತಾಡಲಿ. ತಾಯಿಯ ಹೆಸರು, ಫೋಟೋ ಯಾರಿಗೂ ಕೊಡಬೇಡಿ.

ತರಬೇತಿಗೆ ಬರುವವರು ಏನು ತರಬೇಕು?

ಐಡಿ ಕಾರ್ಡ್ ಮತ್ತು ನಿಮ್ಮದೇ ಲಾಗಿನ್. ಇನ್ನೂ ಸಿಗದವರು ಐಟಿ ವಿಭಾಗದಿಂದ ಪಡೆದುಕೊಂಡೇ ಬನ್ನಿ. ಕಾಲಿಗೆ ನಡೆಯಲು ಆರಾಮವಾದ ಚಪ್ಪಲಿ ಇರಲಿ. ಕ್ಲಾಸಿನ ಅರ್ಧ ಹೊತ್ತು ನಿಮ್ಮ ವಾರ್ಡಿನ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಕಳೆಯುತ್ತದೆ.